ತೂಬಿನ ಅರ್ಧ ಗಂಟೆ

ಚಳಿ ಹಿಂದೆ ಸರಿದಿತ್ತು. ನಾಲೆಯ ಎರಡೂ ಬದಿಯ ಗದ್ದೆಗಳಲ್ಲಿ ಸಸಿ ಕೀಳುವ ಕೆಲಸ ನಡೆದಿತ್ತು. ಹನ್ನೊಂದನೆಯ ತಾರೀಖು ಬೆಳಿಗ್ಗೆ ಎಂಟೂಕಾಲಿಗೆ, ಕಾಲಿನ ಕೆಸರನ್ನೂ ತೊಳೆಯದೆ ಹೆಂಗಸೊಬ್ಬಳು ಠಾಣೆಗೆ ಬಂದಳು. ಅವಳ ಗಂಡ ತೂಬಿನ ಕಾವಲುಗಾರ. ತೂಬನ್ನೂ, ಅದು ಏಳುವ ಅರ್ಧ ಗಂಟೆ ಮೊದಲು ಕೂಗಬೇಕಾದ ಸೈರನ್ನನ್ನೂ ನೀರಿನ ಆಫೀಸಿನ ಕಂಪ್ಯೂಟರೇ ನಡೆಸುತ್ತಿತ್ತು. ನಾಲ್ಕನೆಯ ತಾರೀಖು ತೂಬಿನ ಕೆಳಗೆ ನಾಲೆಗಿಳಿದು ಕಳೆ ಕೀಳುತ್ತಿದ್ದಾಗ ನೀರು ಅವನನ್ನು ಕೊಚ್ಚಿಕೊಂಡು ಹೋಗಿತ್ತು.

"ಅದನ್ನು ಆಗಲೇ ಬರೆದುಕೊಂಡಿದ್ದೇವಲ್ಲಮ್ಮಾ" ಎಂದ ಇನ್‌ಸ್ಪೆಕ್ಟರ್.

"ಆ ಬರಹಕ್ಕೇ ಬಂದೆ ಸಾರ್. ಸೈರನ್ ಕೂಗಿ ಅರ್ಧ ಗಂಟೆಯಾದ್ರೂ ಮೇಲೆ ಹತ್ತಲಿಲ್ಲ, ಅವರದೇ ತಪ್ಪು ಅಂತ ನೀರಿನ ಆಫೀಸಿನವರು ಬರೆದಿದ್ದಾರೆ. ಕುಡಿದು ಮಲಗಿದ್ದ ಅಂತ ಜನ ಆಡ್ಕೋತಾರೆ. ನಾನು ಬುತ್ತಿ ಹಿಡ್ಕೊಂಡು ದಂಡೆ ಮೇಲೇ ಇದ್ದೆ. ಸೈರನ್ನೂ ನೀರೂ ಒಟ್ಟಿಗೇ ಬಂದವು."

ಸೆರಗಿನಿಂದ ಗಂಡನ ಪುಟ್ಟ ಪುಸ್ತಕ ಬಿಚ್ಚಿಕೊಟ್ಟಳು. ಪೆನ್ಸಿಲ್ ಅಕ್ಷರ: "ತಾ. 2. ಹೊಸ ಪ್ರೋಗ್ರಾಂ. ಸೈರನ್, ನೀರು ಒಟ್ಟಿಗೆ. ತಾ. 3. ಆಫೀಸಿಗೆ ಹೋಗಿ ಪ್ರೋಗ್ರಾಂ ಬರೆದವನಿಗೆ ಹೇಳಿದೆ. ಸರಿಮಾಡಿದ್ದೇನೆ ಅಂದ."

ಎಂಟು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಹನ್ನೊಂದು ಗಂಟೆಗೆ ನೀರಿನ ಆಫೀಸಿನಲ್ಲಿ, ಇಬ್ಬರು ಪಂಚರ ಎದುರು, ಕಂಪ್ಯೂಟರಿನ ದಿನಚರಿಯನ್ನು ಮುದ್ರಿಸಿ ಪಂಚನಾಮೆ ಮಾಡಿದರು. ನಾಲ್ಕನೆಯ ತಾರೀಖು: ಒಂಬತ್ತೂವರೆಗೆ ಸೈರನ್, ಹತ್ತಕ್ಕೆ ತೂಬು. ಆಫೀಸಿನವರು ಹೇಳಿದ್ದೇ ಅಲ್ಲಿತ್ತು. ಠಾಣೆಯಲ್ಲೆಲ್ಲ ಅಜ್ಜ ಎಂದೇ ಕರೆಸಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್ ಕಾಗದದ ಮೇಲೆ ಸಾಲುಸಾಲಾಗಿ ಬೆರಳಾಡಿಸುತ್ತ ಬಂದು ಒಂದೆಡೆ ನಿಲ್ಲಿಸಿದ.

"ಸಾರ್, ಎಂಟನೇ ತಾರೀಖಿನವರೆಗೂ ಟೈಮು ಸೆಕೆಂಡಿಗೆ ನಿಲ್ಲುತ್ತೆ. ಒಂಬತ್ತರಿಂದ ಸೆಕೆಂಡಿನ ಮುಂದೆ ಇನ್ನೂ ಮೂರು ಅಂಕಿ ಬಾಲ. ಆದ್ರೆ ಎರಡು, ನಾಲ್ಕನೇ ತಾರೀಖಿನ ತೂಬಿನ ಸಾಲಿಗೂ ಬಾಲ ಇದೆ. ಎಂಟರೊಳಗೆ ನೀರು ಬಿಟ್ಟಿದ್ದೂ ಆ ಎರಡೇ ದಿನ."

ಪ್ರೋಗ್ರಾಂ ಬರೆದವನನ್ನು ಕರೆಸಿದರು. ನಲವತ್ತರ ಹತ್ತಿರದವನು, ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿದ್ದ.

"ಎಂಟರ ಸಂಜೆ ಏನು ಬದಲಾಯಿಸಿದೆ?" ಎಂದು ಕೇಳಿದ ಇನ್‌ಸ್ಪೆಕ್ಟರ್.

"ಟೈಮ್ ಇಡೋ ಆಬ್ಜೆಕ್ಟ್ ಸಾರ್."

"ಹಳೇದಕ್ಕೆ ಏನಾಗಿತ್ತು?"

"ಡಬ್ಬಿ ಅಂದ್ಕೊಳ್ಳಿ. ಒಳಗೆ ಹತ್ತು ಗಂಟೆ ಅಂತಿದೆ. ತೂಬಿಗೊಂದು, ಸೈರನ್ನಿಗೊಂದು ಬೇರೆ ಡಬ್ಬಿ ಮಾಡಬೇಕಿತ್ತು. ನಾನು ಒಂದೇ ಡಬ್ಬಿಗೆ ಎರಡು ಹೆಸರಿಟ್ಟೆ. ಸೈರನ್ನಿನ ಹೆಸರಲ್ಲಿ ಅರ್ಧ ಗಂಟೆ ಕಳೆದೆ..."

"ತೂಬಿನದೂ ಕಳೀತು."

"ಹೌದು ಸಾರ್."

"ಗಂಡ ಹೆಂಡತಿಗೆ ಒಂದೇ ಜೊತೆ ಚಪ್ಪಲಿ" ಎಂದ ಅಜ್ಜ. "ಒಬ್ಬರು ಮೆಟ್ಟಿಕೊಂಡು ಹೊರಟರೆ ಇನ್ನೊಬ್ಬರದೂ ಹೋಯ್ತು."

"ಹೊಸ ಆಬ್ಜೆಕ್ಟ್ ಹಾಗಲ್ಲ ಸಾರ್. ಒಮ್ಮೆ ಮಾಡಿದ್ದು ಬದಲಾಗಲ್ಲ. ಕಳೆದರೆ ಬೇರೆಯದೇ ಹುಟ್ಟುತ್ತೆ."

"ಬಾಲ ಬರೋದೂ ಅದರಿಂದಲೇ?"

"ಹೌದು."

"ನಾಲ್ಕನೇ ತಾರೀಖು ಅದಿನ್ನೂ ಇರಲೇ ಇಲ್ಲ. ಆ ದಿನದ ಸಾಲಿಗೆ ಬಾಲ ಬರೆದವರು ಯಾರು?"

ಅವನು ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡ. "ತೂಬೂ ಒಂಬತ್ತೂವರೆಗೇ ಅಂತಿದ್ದ ಹಳೇ ಸಾಲು ಅಳಿಸಿ, ತಿದ್ದಿದ ಪ್ರೋಗ್ರಾಮಿನಲ್ಲಿ ಹತ್ತು ಅಂತ ಮತ್ತೆ ಬರೆಸಿದೆ."

"ಮೂರನೇ ತಾರೀಖು ಕಾವಲುಗಾರ ಬಂದು ಹೇಳಿದ್ದನಲ್ಲ?"

"ಸರಿಮಾಡಿದ್ದೇನೆ, ಧೈರ್ಯವಾಗಿ ಇಳಿ ಅಂದೆ."

"ಮಾಡಿದ್ದೆಯಾ?"

"ಆ ವಾರ ಕಳೀಲಿ ಅಂತಿದ್ದೆ ಸಾರ್."

ಸಂಜೆ ನಾಲ್ಕು ಹತ್ತಕ್ಕೆ ದಸ್ತಗಿರಿ ಮಾಡಿದರು. ಜೇಬು ತಪಾಸಣೆಯಲ್ಲಿ ನಾಲ್ಕು ಮಡಿಕೆಯ ಕಾಗದವೊಂದು ಸಿಕ್ಕಿತು: ಒಂಬತ್ತು ವರ್ಷ ಗುತ್ತಿಗೆಯಲ್ಲಿ ದುಡಿದವನನ್ನು ಕಾಯಂ ಮಾಡಿದ ಆದೇಶ. ಆ ವಾರವೆಲ್ಲ ಅದು ಸಹಿಗೆ ಕಾದು ಆಫೀಸಿನ ಸಾಹೇಬರ ಮೇಜಿನ ಮೇಲಿತ್ತು. ಸಹಿ ಬಿದ್ದಿದ್ದು ಆರನೆಯ ತಾರೀಖು. ಮಡಿಕೆಗಳು ಆಗಲೇ ಸವೆದಿದ್ದವು.

ಹದಿಮೂರರಂದು ಇನ್‌ಸ್ಪೆಕ್ಟರ್ ಒಬ್ಬನೇ ನಾಲೆಯ ದಂಡೆಗೆ ಹೋದ. ಆ ಹೆಂಗಸು ಗದ್ದೆಯಿಂದ ಮೇಲೆ ಹತ್ತಿ ಬಂದಳು.

"ಅವನನ್ನು ಹಿಡಿದದ್ದು ಕೇಳಿದೆ. ಆಫೀಸಿನ ಬರಹ ತಿದ್ದಿದರಾ ಸಾರ್?"

"ಅದಕ್ಕೆ ಸಮಿತಿ ಕೂರಬೇಕಂತಮ್ಮಾ."

"ಯಾವಾಗ ಕೂರುತ್ತೆ?"

"ತಾರೀಖು ಹೇಳಿಲ್ಲ."

ಒಂಬತ್ತೂವರೆಗೆ ಸೈರನ್ ಕೂಗಿತು. ಅವಳು ಮಣಿಕಟ್ಟಿನಲ್ಲಿದ್ದ ಗಂಡನ ಗಡಿಯಾರ ನೋಡಿ ದಂಡೆಯ ಮೇಲೆ ಕುಳಿತಳು. ಇನ್‌ಸ್ಪೆಕ್ಟರಿಗೂ ಹೊರಡಲಾಗಲಿಲ್ಲ. ಕೆಳಗೆ ನಾಲೆ ಒಣಗಿತ್ತು. ಅರ್ಧ ಕಿತ್ತ ಕಳೆ ಇನ್ನೂ ಅಲ್ಲೇ ಇತ್ತು. ಹತ್ತು ಗಂಟೆಗೆ ಸರಿಯಾಗಿ ತೂಬು ಎದ್ದು ನೀರು ಬಂತು.

"ಈ ಅರ್ಧ ಗಂಟೆಯಲ್ಲಿ ಕಾಲು ಭಾಗ ಸಾಕಿತ್ತು ಸಾರ್ ಅವರಿಗೆ" ಎಂದಳು. "ಹತ್ತಿ ಬಂದು, ಕೈಕಾಲು ತೊಳ್ಕೊಂಡು, ಊಟಕ್ಕೂ ಕೂತಿರ್ತಿದ್ದರು."

ಸೆರಗು ಸಿಕ್ಕಿಸಿಕೊಂಡು ಮತ್ತೆ ಗದ್ದೆಗೆ ಇಳಿದಳು.