ಗಂಗೋತ್ರಿಯ ಕೊನೆಯ ಬಾಟಲಿ

ಬೆಳಿಗ್ಗೆ ಏಳಕ್ಕೆ ಸಿದ್ದುವಿನ ಕೃಷಿ ಹೊಂಡದಲ್ಲಿ ಗಂಗೋತ್ರಿಯ ಹೆಣ ಸಿಕ್ಕಿತು.

ಜಗಳೂರಿನಿಂದ ಹತ್ತು ಕಿಲೋಮೀಟರ್ ದೂರದ ಒಣ ಹಳ್ಳಿ. ಹನ್ನೊಂದು ದಿನದಲ್ಲಿ ಹದಿನಾಲ್ಕು ಮಂದಿಗೆ ಡೆಂಗಿ. ಒಂದು ಮಗು ತೀರಿಕೊಂಡಿತ್ತು. ಗಂಗೋತ್ರಿ ಆ ಊರಿನ ಆಶಾ ಕಾರ್ಯಕರ್ತೆ.

ಜಿಲ್ಲೆಯ ಕೀಟತಜ್ಞೆ ಹೇಮಾವತಿ ಹೊಂಡದ ದಡದಲ್ಲಿ ನಿಂತಳು. ನಿನ್ನೆ ಮಧ್ಯಾಹ್ನ ಗಂಗೋತ್ರಿ ಮಾಡಿದ್ದ ಫೋನ್ ಇನ್ನೂ ಕಿವಿಯಲ್ಲಿತ್ತು. "ಮೇಡಂ, ಸೊಳ್ಳೆ ಎಲ್ಲಿಂದ ಬರ್ತಾವೆ ಅಂತ ಗೊತ್ತಾಗೈತೆ. ನಾಳೆ ಬರ್ರಿ, ತೋರಿಸ್ತೀನಿ."

"ಕಾಲು ಜಾರೈತೆ, ಕಲ್ಲಿಗೆ ತಲೆ ಬಡಿದೈತೆ," ಎಂದರು ಸಬ್ ಇನ್‌ಸ್ಪೆಕ್ಟರ್ ನಾಗರಾಜಪ್ಪ. "ಇಲ್ಲಾಂದ್ರೆ ಈ ಸಿದ್ದು ನೂಕಿರಬೇಕು. ಮೊನ್ನೆ ಇವನ ನೀರಿನ ಡ್ರಮ್ಮಿಗೆ ಸೊಳ್ಳೆ ಔಷಧಿ ಹಾಕಿದ್ದಕ್ಕೆ ಬೀದಿಯಲ್ಲೇ ಬೈದಾಡಿದ್ನಂತೆ."

"ಬೈದಿದ್ದು ಖರೆ ಸಾರ್," ಎಂದ ಸಿದ್ದು. "ಆದ್ರೆ ನಾನು ಕೈ ಎತ್ತಾಕೆ ಹೋಗಿಲ್ಲ."

ಹೇಮಾವತಿ ದಡದಲ್ಲಿ ಬಿದ್ದಿದ್ದ ಗಂಗೋತ್ರಿಯ ಚೀಲ ಬಿಚ್ಚಿದಳು. ಟಾರ್ಚು, ಔಷಧಿ, ಒಂದು ಸಣ್ಣ ಬಾಟಲಿ. ಬಾಟಲಿಯ ನೀರಿನಲ್ಲಿ ಸೊಳ್ಳೆಯ ಮರಿಹುಳುಗಳು ತಲೆ ಕೆಳಗಾಗಿ ನೇತಾಡುತ್ತಿದ್ದವು.

"ಸೌಟೆಲ್ಲಿ?" ಎಂದಳು. ನೀರಿನಿಂದ ಹುಳು ಎತ್ತುವ, ಉದ್ದ ಹಿಡಿಯ ಬಿಳಿ ಸೌಟು. ಚೀಲದಲ್ಲೂ ಇರಲಿಲ್ಲ, ದಡದಲ್ಲೂ ಇರಲಿಲ್ಲ. ಪೇದೆಗಳು ಬಲೆ ಹಾಕಿ ಹೊಂಡ ಜಾಲಾಡಿದರು. ಬಂದದ್ದು ಬರೀ ಕೆಸರು, ಹಿಡಿಯಷ್ಟು ಗಪ್ಪಿ ಮೀನು.

* * *

"ಈ ಊರಲ್ಲಿ ನೀರು ಎಲ್ಲಿಂದ ಬರುತ್ತೆ?" ಹೇಮಾವತಿ ಕೇಳಿದಳು.

"ಊರ ಬೋರು ಬತ್ತಿ ಎರಡು ತಿಂಗಳಾತ್ರೀ," ಎಂದ ಸಿದ್ದು. "ಮಾರುತೇಶಣ್ಣನ ಟ್ಯಾಂಕರ್ರೇ ಗತಿ. ಕಾಯಿಲೆ ಬಿದ್ದ ಮನೆಗಳಿಗೆಲ್ಲ ಅದೇ ನೀರು."

ಮಾರುತೇಶನ ತೋಟದ ಶೆಡ್ಡಿನಲ್ಲಿ ಟ್ಯಾಂಕರ್ ತುಂಬುವ ದೊಡ್ಡ ಸಂಪು. ಮೇಲೆ ಕಬ್ಬಿಣದ ಮುಚ್ಚಳ, ಹೊಸ ಬೀಗ. ಸುತ್ತಲಿನ ಸಿಮೆಂಟು ಆಗಷ್ಟೇ ತೊಳೆದಂತೆ ಒದ್ದೆ. ಕುಡಿಯಲು ನೀರಿಲ್ಲದ ಊರಲ್ಲಿ ನೆಲ ತೊಳೆದವರಾರು? ಹೇಮಾವತಿ ಮಾರುತೇಶನತ್ತ ತಿರುಗಿದಳು.

"ಗಂಗೋತ್ರಿ ಇಲ್ಲಿಗೆ ಬಂದಿದ್ದಳಾ?"

"ಎಲ್ಲಿ ಬಂದಾಳೆ ಮೇಡಂ? ತಿಂಗಳಾತು ಮುಖ ನೋಡಿ."

"ಬೀಗ ತೆಗೆಯಿರಿ."

"ಕೀಲಿ ಡ್ರೈವರ್ ತಾವ ಐತೆ."

ಜೊತೆಗೆ ಬಂದಿದ್ದ ನಾಗರಾಜಪ್ಪ ಪೇದೆಯತ್ತ ನೋಡಿದರು. ಎರಡೇ ಪೆಟ್ಟಿಗೆ ಬೀಗ ಬಿತ್ತು. ಹೇಮಾವತಿ ಬಗ್ಗಿ ಟಾರ್ಚು ಬಿಟ್ಟಳು. ಮೇಲುನೀರಿನ ತುಂಬ ಹುಳುಗಳು, ಸಾವಿರಾರು. ಬೆಳಕು ಬಿದ್ದೊಡನೆ ಎಲ್ಲವೂ ಒಮ್ಮೆಲೇ ಕೆಳಗಿಳಿದವು. ಅವು ಸರಿದ ತಿಳಿನೀರಿನ ತಳದಲ್ಲಿ ಬಿಳಿ ಸೌಟು ಬಿದ್ದಿತ್ತು.

ಮಾರುತೇಶ್ ಗೋಡೆಗೆ ಒರಗಿದ.

* * *

"ತಲೆ ಬಡಿದಿದ್ದು ಹೊಂಡದಲ್ಲಿ ಅಲ್ಲ ಅಂತ ಹೆಂಗೆ ಗೊತ್ತಾತು ಮೇಡಂ?" ನಾಗರಾಜಪ್ಪ ಕೇಳಿದರು.

"ಬಾಟಲಿಯಲ್ಲಿ ಇದ್ದಿದ್ದು ಡೆಂಗಿ ಸೊಳ್ಳೆ ಹುಳು. ಡೆಂಗಿ ಸೊಳ್ಳೆ ಕೆಸರು ಹೊಂಡದಲ್ಲಿ ಮೊಟ್ಟೆ ಇಡಲ್ಲ. ಅದಕ್ಕೆ ತಿಳಿನೀರು, ಸಿಮೆಂಟು ಗೋಡೆ ಬೇಕು. ಹೊಂಡದಲ್ಲಿ ಹುಳು ಇದ್ದಿದ್ರೂ ಗಪ್ಪಿ ಮೀನು ತಿನ್ನದೆ ಉಳಿಸ್ತಿರಲಿಲ್ಲ. ಆ ಮೀನು ಬಿಟ್ಟವಳೇ ಗಂಗೋತ್ರಿ. ಅಲ್ಲಿ ಹುಳು ಹುಡುಕೋಕೆ ಅವಳು ಯಾಕೆ ಹೋಗ್ತಾಳೆ? ಬಾಟಲಿ ತುಂಬಿದ್ದು ಬೇರೆ ಕಡೆ. ಸೌಟು ಬಿದ್ದ ಕಡೆ. ಸಿದ್ದು ಜಗಳ ಊರಿಗೆಲ್ಲ ಗೊತ್ತಿತ್ತು. ಅದಕ್ಕೇ ಹೆಣ ಅವನ ಹೊಂಡಕ್ಕೆ ಬಿತ್ತು."

ಮಾರುತೇಶ್ ತಲೆ ತಗ್ಗಿಸಿದ. "ಟ್ಯಾಂಕರ್ ನಿಲ್ಲಿಸ್ತೀನಿ, ರಿಪೋರ್ಟ್ ಬರೀತೀನಿ ಅಂದ್ಳು. ಬಾಟಲಿ ಕಸಕೊಳ್ಳಾಕೆ ಹೋದೆ, ಚೀಲ ಬಿಡಲಿಲ್ಲ. ನೂಕಿದೆ. ಸಂಪಿನ ಅಂಚಿಗೆ ತಲೆ ಬಡೀತು. ಉಸಿರು ಇತ್ತು ಸಾರ್... ಆದ್ರೂ ಹೊಂಡಕ್ಕೆ ಹಾಕಿದೆ. ಹುಳು ಅಲ್ಲೀವೇ ಅನ್ಕೊಳ್ಳಿ ಅಂತ ಚೀಲಾನೂ ದಡದಾಗೆ ಬಿಟ್ಟೆ."

ಪೇದೆ ಬೇಡಿ ತೊಡಿಸಿದ. ಹೇಮಾವತಿ ಶೆಡ್ಡಿನ ಬಾಗಿಲಿಗೆ ಬಂದಳು. ಆಗ ಅಂಗಳ ಖಾಲಿಯಿರುವುದು ಕಣ್ಣಿಗೆ ಬಿತ್ತು.

"ಟ್ಯಾಂಕರ್ ಎಲ್ಲಿ?"

"ಬೆಳಿಗ್ಗೆ ಆರಕ್ಕೇ ಈ ನೀರು ತುಂಬ್ಕೊಂಡು ಹೋತು," ಎಂದ ಮಾರುತೇಶ್, ತಲೆ ಎತ್ತದೆ. "ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ."

ಹೇಮಾವತಿ ಆಗಲೇ ಜೀಪಿನತ್ತ ಓಡುತ್ತಿದ್ದಳು.