ಗುರುವಾರದ ವಕೀಲರು

"ತಲಾಖೋ, ಜೀವನಾಂಶವೋ?" ವಕೀಲರು ಕಾಗದದಿಂದ ತಲೆ ಎತ್ತದೆ ಕೇಳಿದರು.

"ಎರಡೂ ಅಲ್ಲ," ಎಂದೆ.

"ಹಾಗಾದ್ರೆ ಗಂಡ ತೀರ್ಕೊಂಡಿರಬೇಕು. ಆಸ್ತಿ ಕೇಸು. ಕೂತ್ಕೊಳ್ಳಿ."

"ನನಗೆ ಮದುವೇನೇ ಆಗಿಲ್ಲ."

ಲೇಖನಿ ನಿಂತಿತು. ವಕೀಲರು ಈಗ ತಲೆ ಎತ್ತಿದರು. "ಮತ್ತೆ ನನ್ನ ಹತ್ರ ಯಾಕೆ ಬಂದ್ರಿ?"

"ನಿಮ್ಮ ಮೇಲೇ ದೂರು ಹೇಳೋಕೆ."

ಬಾಗಿಲ ಬಳಿ ಕುಳಿತಿದ್ದ ನನ್ನ ಚಿಕ್ಕಮ್ಮ ತಫೀದಾ, "ನಾನು ಬೇಡ ಅಂದೆ" ಎಂದು ಗೋಡೆಗೆ ಹೇಳಿದರು.

ಅದು ೧೯೧೨ರ ಶರತ್ಕಾಲ. ಕೈರೋದಿಂದ ಉತ್ತರಕ್ಕಿರುವ ಮನ್ಸೂರಾದ ಬೀದಿಗಳಲ್ಲಿ ಹತ್ತಿಯ ಮೂಟೆಗಳು ಸಾಲುಗಟ್ಟಿ ನಿಲ್ಲುವ ಕಾಲ. ನನಗೆ ಇಪ್ಪತ್ತಮೂರು, ಹೆಣ್ಣುಮಕ್ಕಳ ಶಾಲೆಯಲ್ಲಿ ವ್ಯಾಕರಣ ಕಲಿಸುತ್ತಿದ್ದೆ. ವಕೀಲ ರಾಗಿಬ್ ಷಹಾತಾ ಅವರಿಗೆ ಮೂವತ್ತು. ಅವರ ಅರಬ್ಬಿ ಕೇಳಲೆಂದೇ ಕೆಲಸವಿಲ್ಲದವರು ನ್ಯಾಯಾಲಯಕ್ಕೆ ಹೋಗಿ ಕೂರುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಗೊತ್ತಿರುವುದು ಮುಖದಲ್ಲಿ ಕಾಣುತ್ತಿತ್ತು.

ವಿಷಯ ಇಷ್ಟೇ. ನನ್ನ ವಿದ್ಯಾರ್ಥಿನಿ ರತೀಬಾಳ ತಾಯಿ ವಹೀಬಾ ಬಟ್ಟೆ ಒಗೆದು ಬದುಕುವವಳು. ಗಂಡ ಸತ್ತ ಮೇಲೆ ಮೈದುನ ಅವಳನ್ನು ಮನೆಯಿಂದ ಹೊರಹಾಕಲು ಹೊರಟಿದ್ದ. ತಾಯಿಯ ಪರವಾಗಿ ನ್ಯಾಯಾಲಯಕ್ಕೆ ಅರ್ಜಿ ಬರೆದದ್ದು ಹನ್ನೆರಡು ವರ್ಷದ ರತೀಬಾ. ರಾಗಿಬ್ ಆ ಮೈದುನನ ವಕೀಲರು. ಅವರು ಜನ ತುಂಬಿದ ನ್ಯಾಯಾಲಯದಲ್ಲಿ ಅರ್ಜಿಯನ್ನು ಗಟ್ಟಿಯಾಗಿ ಓದಿ, "ಇದರ ವ್ಯಾಕರಣದ ಪ್ರಕಾರ ತಂದೆ ಮನೆ ಕಟ್ಟಲಿಲ್ಲ, ಮನೆಯೇ ತಂದೆಯನ್ನು ಕಟ್ಟಿತು" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಹುಡುಗಿ ಎರಡು ದಿನ ಶಾಲೆಗೆ ಬಂದಿರಲಿಲ್ಲ.

ನಾನು ಅವರ ಮೇಜಿನ ಮೇಲೆ ಅರ್ಜಿಯ ಪ್ರತಿಯನ್ನೂ ಮೂರನೇ ತರಗತಿಯ ವ್ಯಾಕರಣ ಪುಸ್ತಕವನ್ನೂ ಇಟ್ಟೆ.

"ಆ ಪದದ ಹಿಂದೆ ಒಂದು ಪುಟ್ಟ ಅವ್ಯಯ ಇದೆ, ನೋಡಿ. ಅದು ಬಂದ್ರೆ ಕರ್ತೃಪದಕ್ಕೂ ಕರ್ಮಪದದ ರೂಪಾನೇ ಬರತ್ತೆ. ನೀವು ಅದನ್ನ ನುಂಗಿಬಿಟ್ಟು ಓದಿದ್ರಿ."

ಅವರು ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ತಲೆಯ ಮೇಲಿದ್ದ, ಏನೂ ವಾಲಿರದ ಕೆಂಪು ಟೋಪಿಯನ್ನು ಎರಡೂ ಕೈಯಿಂದ ನೆಟ್ಟಗೆ ಮಾಡಿಕೊಂಡರು. ತಪ್ಪು ಮಾಡಿದಾಗೆಲ್ಲ ಅವರು ಹಾಗೆ ಮಾಡುತ್ತಾರೆಂದು ನನಗೆ ತಿಳಿದದ್ದು ಆಮೇಲೆ.

"ಅಬ್ಲಾ," ಎಂದರು, ನನ್ನ ಶಾಲೆಯ ಹುಡುಗಿಯರು ಅಧ್ಯಾಪಕಿಯನ್ನು ಅಕ್ಕ ಎಂದು ಕರೆಯುವಂತೆಯೇ. "ನನ್ನಿಂದ ಏನಾಗಬೇಕು?"

"ಎಲ್ಲಿ ನಗಿಸಿದ್ರೋ ಅಲ್ಲೇ ಹೇಳಿ."

ಮುಂದಿನ ವಿಚಾರಣೆಯ ದಿನ ಅವರು ಎದ್ದು ನಿಂತು, ಅರ್ಜಿಯ ವ್ಯಾಕರಣ ಸರಿಯಾಗಿದೆಯೆಂದೂ ತಪ್ಪು ತಮ್ಮದೇ ಎಂದೂ ಹೇಳಿದರು. ನ್ಯಾಯಾಧೀಶರಿಗೆ ಕುತೂಹಲ ಹುಟ್ಟಿ ಇಡೀ ಅರ್ಜಿಯನ್ನು ಮತ್ತೆ ಓದಿಸಿದರು. ಈ ಸಲ ಯಾರೂ ನಗಲಿಲ್ಲ. ಮನೆ ವಹೀಬಾಳಿಗೆ ಉಳಿಯಿತು. ಸೋತ ಮೈದುನ ಮೆಟ್ಟಿಲ ಮೇಲೆ ನಿಂತು ತನ್ನ ವಕೀಲರ ಏಳು ತಲೆಮಾರನ್ನು ಬೈದ. ಆದರೆ ಆ ತಿಂಗಳಿನಿಂದ ಹಳ್ಳಿಗಳ ಜನ "ತಪ್ಪೊಪ್ಪಿಕೊಳ್ಳುವ ವಕೀಲರು ಎಲ್ಲಿ?" ಎಂದು ಕೇಳಿಕೊಂಡು ಬರತೊಡಗಿದರು.

ಅದಾದ ಮೇಲಿನ ಗುರುವಾರ ಸಂಜೆ ರಾಗಿಬ್ ಕೈಯಲ್ಲಿ ಒಂದು ಅರ್ಜಿಯ ಕರಡು ಹಿಡಿದು ನಮ್ಮ ಮನೆಗೆ ಬಂದರು.

"ಇದರಲ್ಲೇನಾದ್ರೂ ನುಂಗಿದೀನಾ, ನೋಡಿ."

ಒಂದು ಪದ ತಪ್ಪಿತ್ತು. ಅದನ್ನವರು ಬೇಕೆಂದೇ ತಪ್ಪಾಗಿ ಬರೆದಿದ್ದರೆಂದು ನನಗೆ ಆಗಲೇ ಅನುಮಾನ.

ಹೀಗೆ ಗುರುವಾರಗಳು ಶುರುವಾದವು. ಚಿಕ್ಕಮ್ಮ ನಡುವೆ ಕುಳಿತು ಕಲ್ಲಂಗಡಿ ಬೀಜ ಬಿಡಿಸುತ್ತಿದ್ದರು. ನಾನು ಮುಖಪರದೆಯ ಹಿಂದಿನಿಂದ ಓದುತ್ತಿದ್ದೆ. ಅವರಿಗೆ ಕಾಣುತ್ತಿದ್ದದ್ದು ನನ್ನ ಕಣ್ಣು, ಹುಬ್ಬು ಮಾತ್ರ. "ಎಡಗಡೆ ಹುಬ್ಬು ಎದ್ರೆ ಕಾಗುಣಿತ. ಎರಡೂ ಎದ್ರೆ ವಾದಾನೇ ಬಿದ್ದುಹೋಯ್ತು ಅಂತ," ಎಂದು ಚಿಕ್ಕಮ್ಮನಿಗೆ ವಿವರಿಸುತ್ತಿದ್ದರು.

"ಕೇಸಿನ ಕಾಗದ ನೋಡೋದು ಬಿಟ್ಟು ಹುಬ್ಬು ಯಾಕೆ ನೋಡ್ತೀಯಪ್ಪಾ?"

"ಕಾಗದ ನಾನೇ ಬರ್ದಿದ್ದಲ್ವಾ ಅಮ್ಮಾ, ಅದರಲ್ಲಿ ಹೊಸದೇನಿರತ್ತೆ?"

ಮರುವರ್ಷ ವಸಂತದಲ್ಲಿ ಅವರು ಚಿಕ್ಕಮ್ಮನ ಮೂಲಕ ಕ್ರಮವಾಗಿ ನನ್ನನ್ನು ಕೇಳಿದರು. ನಾನು ಆಗಲ್ಲ ಎಂದೆ.

ಕಾರಣ ಅವರಿಗೂ ಗೊತ್ತಿತ್ತು. ನಮ್ಮ ಶಾಲಾ ಸಮಿತಿಯ ನಿಯಮದ ಪ್ರಕಾರ ಅಧ್ಯಾಪಕಿಗೆ ಮದುವೆಯಾದ ದಿನವೇ ಕೆಲಸ ಹೋಗುತ್ತಿತ್ತು. ಕರೀಹಲಗೆಯ ಮುಂದೆ ನಿಂತಾಗ ನನಗೆ ಸಿಗುವ ಸಂತೋಷ ಬೇರೆಲ್ಲೂ ಸಿಗುತ್ತಿರಲಿಲ್ಲ. ಗುರುವಾರದ ಸಂಜೆಗಳನ್ನು ಬಿಟ್ಟರೆ. ಆ ಎರಡನ್ನು ತೂಗಿ ನೋಡಿದೆ. ತಕ್ಕಡಿ ಯಾವ ಕಡೆಗೂ ವಾಲಲಿಲ್ಲ. ಹಾಗಾಗಿ ಇರುವುದು ಇದ್ದಂತೆಯೇ ಇರಲಿ ಎಂದುಕೊಂಡೆ.

ಅವರು ಆ ಗುರುವಾರವೂ ಬಂದರು. ಟೋಪಿ ಮುಟ್ಟಿಕೊಳ್ಳಲಿಲ್ಲ. "ವರ್ಷಕ್ಕೊಂದು ಸಲ ಕೇಳಬಹುದಾ?"

"ಕೇಳೋಕೆ ಏನಡ್ಡಿ?"

ವರ್ಷಕ್ಕೊಂದು ಸಲ ಕೇಳಿದರು. ಯುದ್ಧ ಬಂತು, ಹೋಯಿತು. ೧೯೧೯ರಲ್ಲಿ ಪರದೇಶಿ ಆಳ್ವಿಕೆಯ ವಿರುದ್ಧ ಇಡೀ ದೇಶ ಬೀದಿಗಿಳಿದಾಗ ಅವರು ಮಸೀದಿಯ ಅಂಗಳದಲ್ಲಿ ಮಾಡಿದ ಒಂದು ಭಾಷಣಕ್ಕೆ ಅವರನ್ನು ಸೆರೆಗೆ ಹಾಕಿದರು. ನಾನು ನನ್ನ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿಕೊಂಡು ನದಿ ದಂಡೆಯ ಮೆರವಣಿಗೆಯಲ್ಲಿ ನಡೆದೆ. ಬಿಡುಗಡೆಯಾಗಿ ಬಂದಾಗ ಅವರ ಕೋಟು ಮೊಳೆಗೆ ತಗುಲಿಹಾಕಿದಂತೆ ಕಾಣುತ್ತಿತ್ತು.

"ಎಷ್ಟು ಗುರುವಾರ ತಪ್ಪಿತು?" ಎಂದು ಕೇಳಿದರು.

"ಹದಿನೇಳು," ಎಂದೆ, ಯೋಚಿಸದೆ.

ಅವರು ನಕ್ಕರು. ನಾನು ಎಣಿಸಿದ್ದೇನೆಂದು ಹಾಗೆ ಸಿಕ್ಕಿಬಿದ್ದೆ. ಚಿಕ್ಕಮ್ಮ ಬೀಜದ ತಟ್ಟೆಯನ್ನು ಅವರ ಮುಂದೆ ತಳ್ಳಿ, "ತಿನ್ನು, ಮಾತು ಆಮೇಲೆ," ಎಂದರು.

೧೯೨೩ರಲ್ಲಿ ಅನೇಕರಂತೆ ನಾನೂ ಮುಖಪರದೆ ತೆಗೆದೆ. ಆ ಗುರುವಾರ ರಾಗಿಬ್ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಕುಳಿತು ತಮ್ಮದೇ ಕರಡನ್ನು ಓದಲು ಹೋಗಿ ಒಂದೇ ಸಾಲನ್ನು ಮೂರು ಸಲ ಓದಿದರು.

"ಏನಾಯ್ತು?"

"ಏನಿಲ್ಲ. ಹುಬ್ಬಿನ ಭಾಷೆ ಕಲಿಯೋಕೆ ಹತ್ತು ವರ್ಷ ಹಿಡೀತು. ಈಗ ಪುಸ್ತಕ ಪೂರ್ತಿ ತೆರೆದಿಟ್ರೆ ಎಲ್ಲಿಂದ ಶುರು ಮಾಡ್ಲಿ?"

ನನಗೆ ಆಗ ಮೂವತ್ತನಾಲ್ಕು. ಬಾಯಿಯ ಪಕ್ಕ ಗೆರೆಗಳು ಮೂಡಿದ್ದವು. ಅವರು ಆ ಗೆರೆಗಳನ್ನು ನೋಡುತ್ತಿದ್ದ ಬಗೆಯನ್ನು ನಾನು ಇಲ್ಲಿ ಬರೆಯುವುದಿಲ್ಲ.

ಮುಂದಿನ ಜನವರಿಯಲ್ಲಿ ದೇಶದ ಸಂಸತ್ತಿಗೆ ಮೊದಲ ಚುನಾವಣೆ. ಹಳ್ಳಿಗಳವರೇ ಬಂದು ಅವರನ್ನು ನಿಲ್ಲಿಸಿದರು. ನನಗೆ ಮತದಾನದ ಹಕ್ಕು ಇರಲಿಲ್ಲ. ಆದರೆ ಅವರ ಭಾಷಣಗಳಲ್ಲಿ ಅರ್ಧದಷ್ಟು ವಾಕ್ಯಗಳು ನನ್ನವು. ಅವರು ಗೆದ್ದರು. ರೈಲು ನಿಲ್ದಾಣದಲ್ಲಿ ಡೋಲು, ಬಾವುಟ. ಜನ ಅವರನ್ನು ಹೊತ್ತುಕೊಂಡೇ ಕೈರೋ ರೈಲಿಗೆ ಹತ್ತಿಸಿದರು.

ಸದನದಲ್ಲಿ ಅವರು ನೀರಿನ ಕಾಲುವೆಗಳ ಬಗ್ಗೆ ಮಾತನಾಡಿದರು, ಹಳ್ಳಿಯ ಆಸ್ಪತ್ರೆಗಳ ಬಗ್ಗೆ ಮಾತನಾಡಿದರು. ಬೇಸಿಗೆಯಲ್ಲಿ ಒಂದು ದಿನ, ಅಧ್ಯಾಪಕಿಯರ ಮದುವೆಗೆ ಅಡ್ಡಬರುವ ಇಂಥ ನಿಯಮಗಳನ್ನು ತೆಗೆಯಬೇಕೆಂದು ಪ್ರಸ್ತಾಪ ತಂದರು. ಎದುರಿನ ಸಾಲಿನಿಂದ ಒಬ್ಬ ಸದಸ್ಯರು ಎದ್ದು ಕೇಳಿದರು: "ಮಾನ್ಯ ಸದಸ್ಯರಿಗೆ ಇದರಲ್ಲಿ ಸ್ವಂತ ಹಿತಾಸಕ್ತಿ ಏನಾದರೂ ಇದೆಯೇ?"

ನಗು. ಆಮೇಲೆ ಉತ್ತರ. ಎರಡು ದಿನ ಕಳೆದು ಪತ್ರಿಕೆಯಲ್ಲಿ ನಾನು ಓದಿದ್ದು ಇದು:

"ಇದೆ. ಹನ್ನೊಂದು ವರ್ಷಗಳಿಂದ ನಾನು ಒಬ್ಬ ಅಧ್ಯಾಪಕಿಯನ್ನು ಪ್ರೀತಿಸುತ್ತಿದ್ದೇನೆ. ಅವರು ತಮ್ಮ ಕೆಲಸವನ್ನು ಪ್ರೀತಿಸುತ್ತಾರೆ. ಎರಡೂ ತಪ್ಪಲ್ಲ. ಒಂದನ್ನು ಬಿಟ್ಟರಷ್ಟೇ ಇನ್ನೊಂದು ಎನ್ನುವ ನಿಯಮದಿಂದ ಯಾರಿಗೆ ಒಳಿತು ಎಂಬುದೇ ನನ್ನ ಪ್ರಶ್ನೆ."

ಪ್ರಸ್ತಾಪವನ್ನು ಪರಿಶೀಲನೆಗೆಂದು ಒಂದು ಉಪಸಮಿತಿಗೆ ಕಳಿಸಿದರು. ಪತ್ರಿಕೆಯನ್ನು ಮನ್ಸೂರಾದ ಪ್ರತಿಯೊಂದು ಕಾಫಿ ಅಂಗಡಿಯಲ್ಲೂ ಗಟ್ಟಿಯಾಗಿ ಓದಿದರು.

ಆ ಗುರುವಾರ ಅವರು ಹಸನ್ಮುಖರಾಗಿ ಬಂದರು. ನಾನು ಕುಳಿತುಕೊಳ್ಳಿ ಎನ್ನಲಿಲ್ಲ.

"ನಿಮ್ಮ ಹೆಸರು ಹೇಳಿಲ್ವಲ್ಲ ಅಬ್ಲಾ."

"ಈ ಊರಲ್ಲಿ ಹೆಸರು ಬೇರೆ ಹೇಳಬೇಕಾ? ಹನ್ನೊಂದು ವರ್ಷದಿಂದ ಗುರುವಾರ ಗುರುವಾರ ನಮ್ಮ ಬಾಗಿಲು ತಟ್ಟೋ ವಕೀಲರು ಎಷ್ಟು ಜನ ಇದಾರೆ?"

"ಅವರು ಕೇಳಿದ್ರು. ಸದನದಲ್ಲಿ ನಿಂತು ಸುಳ್ಳು ಹೇಳ್ಲಾ?"

"ಬೇಡ. ರೈಲು ಹತ್ತೋ ಮುಂಚೆ ನನ್ನನ್ನ ಒಂದು ಮಾತು ಕೇಳಬಹುದಿತ್ತು. ಇಂಥ ಪ್ರಶ್ನೆ ಬರುತ್ತೆ ಅಂತ ನಿಮಗೆ ಗೊತ್ತಿತ್ತು. ವಕೀಲರಲ್ವಾ ನೀವು? ಉತ್ತರ ಸಿದ್ಧ ಮಾಡ್ಕೊಂಡೇ ಹೋಗಿದ್ರಿ."

ಅವರ ಕೈ ಟೋಪಿಯ ಕಡೆ ಏರಿ, ಅರ್ಧಕ್ಕೆ ಇಳಿಯಿತು.

"ಹೌದು," ಎಂದರು. "ಸಿದ್ಧ ಮಾಡ್ಕೊಂಡಿದ್ದೆ. ಚೆನ್ನಾಗಿದೆ ಅನ್ನಿಸಿತ್ತು."

"ಚೆನ್ನಾಗೇ ಇತ್ತು. ನಾನು ಕೇಳೋ ಮುಂಚೆ ಇಡೀ ದೇಶ ಕೇಳ್ತು, ಅಷ್ಟೇ. ಇನ್ನು ಬರಬೇಡಿ."

ಅವರು ಹೋದರು. ಚಿಕ್ಕಮ್ಮ ಆ ಸಂಜೆ ಒಂದು ಬೀಜವನ್ನೂ ಬಿಡಿಸಲಿಲ್ಲ.

ಮುಂದಿನ ವಾರ ಶಾಲಾ ಸಮಿತಿಯವರು ನನ್ನನ್ನು ಕರೆಸಿದರು. ಅಧ್ಯಕ್ಷರಾದ ಹಿಲ್ಮಿ ಬೇ ಕೆಟ್ಟವರಲ್ಲ, ಕಾಫಿ ತರಿಸಿದರು. "ನೋಡಮ್ಮಾ, ಮುಖ್ಯೋಪಾಧ್ಯಾಯಿನಿ ನಿವೃತ್ತರಾಗ್ತಿದಾರೆ. ಆ ಜಾಗಕ್ಕೆ ನಿನ್ನ ಬಿಟ್ರೆ ಯಾರಿದಾರೆ? ಆದ್ರೆ ಊರಿನ ಬಾಯಿ ಮುಚ್ಚಬೇಕಲ್ಲ. ಹೊಸ ಕರಾರಿನಲ್ಲಿ ಒಂದು ಸಾಲು ಸೇರಿಸ್ತೀವಿ. ಬದುಕಿರೋ ತನಕ ಮದುವೆ ಆಗಲ್ಲ ಅಂತ. ಡಿಸೆಂಬರ್ ಕೊನೆ ತನಕ ಟೈಮ್ ಇದೆ. ಸಹಿ ಹಾಕು, ಎಲ್ಲ ತಣ್ಣಗಾಗತ್ತೆ."

ನಾನು ಬಯಸಿದ್ದ ಹುದ್ದೆ ಅದು. ಕರಾರನ್ನು ಮನೆಗೆ ತಂದು ಕಪಾಟಿನಲ್ಲಿಟ್ಟೆ.

ಆರು ತಿಂಗಳು ರಾಗಿಬ್ ಬರಲಿಲ್ಲ. ಒಂದೇ ಒಂದು ಕಾಗದ ಬಂತು. ಕ್ಷಮೆ ಕೇಳಿದ್ದರು, ವಾದ ಮಾಡಿರಲಿಲ್ಲ. ನಾನು ಉತ್ತರ ಬರೆಯಲಿಲ್ಲ. ಗುರುವಾರಗಳಂದು ಹುಡುಗಿಯರ ನೋಟ್‌ಬುಕ್ಕುಗಳನ್ನು ತಿದ್ದಿದೆ. ಒಂದೊಂದನ್ನೂ ಎರಡೆರಡು ಸಲ ತಿದ್ದುತ್ತಿದ್ದೇನೆಂದು ಚಿಕ್ಕಮ್ಮ ಹೇಳಿದ ಮೇಲೆ ಗೊತ್ತಾಯಿತು.

ಡಿಸೆಂಬರಿನಲ್ಲಿ ಸದನವನ್ನೇ ವಿಸರ್ಜಿಸಿದರು. ಕಾಲುವೆ, ಆಸ್ಪತ್ರೆ, ಅಧ್ಯಾಪಕಿಯರು, ಎಲ್ಲ ಪ್ರಸ್ತಾಪಗಳೂ ಅಲ್ಲಿಗೇ ಮುಗಿದವು. ರಾಗಿಬ್ ಬರುವ ರೈಲು ಯಾವುದೆಂದು ವಿಚಾರಿಸಿಕೊಂಡು ನಾನು ನಿಲ್ದಾಣಕ್ಕೆ ಹೋದೆ. ಡೋಲು ಇರಲಿಲ್ಲ. ಪೊಲೀಸರ ಕಣ್ಣಿಗೆ ಬೀಳಲು ಯಾರಿಗೂ ಇಷ್ಟವಿರಲಿಲ್ಲ. ಅವರು ಒಂದು ಪೆಟ್ಟಿಗೆ ಹಿಡಿದು ಇಳಿದರು. ನನ್ನನ್ನು ಕಂಡು ಪೆಟ್ಟಿಗೆಯನ್ನು ಕೆಳಗಿಟ್ಟರು.

"ಮಾಜಿ ಸದಸ್ಯರಿಗೆ ಸ್ವಾಗತ," ಎಂದೆ.

"ಬರಬೇಡಿ ಅಂದಿದ್ರಿ."

"ಮನೆಗೆ. ಇದು ನಿಲ್ದಾಣ."

ನದಿಯ ದಂಡೆಗುಂಟ ನಡೆದೆವು. ಹಗಲು ಹೊತ್ತು, ದೋಣಿಯವರು, ಕಿತ್ತಳೆ ಮಾರುವವರು, ಎಲ್ಲರೂ ನೋಡಿದರು. ನೋಡಲಿ ಎಂದುಕೊಂಡೆ. ಅವರು ನನಗಿಂತ ಒಂದು ಹೆಜ್ಜೆ ದೂರದಲ್ಲೇ ನಡೆದರು.

"ಕರಾರಿನ ವಿಷಯ ಕೇಳಿದೆ," ಎಂದರು. "ಸಹಿ ಹಾಕಿ. ನಿಜವಾಗ್ಲೂ ಹೇಳ್ತಿದೀನಿ. ಆ ಶಾಲೆಗೆ ನೀವು ಬೇಕು. ನಾನು ಇನ್ನು ಕೇಳಲ್ಲ."

"ವರ್ಷಕ್ಕೊಂದು ಸಲಾನೂ?"

"ಒಂದು ಸಲಾನೂ." ಧ್ವನಿ ಸ್ಥಿರವಾಗಿತ್ತು. ಕಣ್ಣು ಮಾತ್ರ ನೀರಿನ ಕಡೆ ಇತ್ತು.

"ಸಹಿ ಹಾಕಲ್ಲ ಅಂತ ಬೆಳಿಗ್ಗೆ ಹಿಲ್ಮಿ ಬೇ ಅವರಿಗೆ ಹೇಳಿ ಬಂದೆ."

ಅವರು ನಿಂತರು. "ಯಾಕೆ?"

ಆರು ತಿಂಗಳು ಹುಡುಕಿದ ಉತ್ತರ ಅದು, ಹೇಳಲು ಸುಲಭವಾಗಿತ್ತು. "ಹನ್ನೊಂದು ವರ್ಷ ಆಗಲ್ಲ ಅಂದವಳು ನಾನು. ಅದು ನನ್ನ ಮಾತು. ಅದನ್ನ ಅವರು ಕಾಗದದ ಮೇಲೆ ಬರೆಸಿಕೊಂಡ್ರೆ ನನ್ನದಾಗಿ ಉಳಿಯಲ್ಲ. ಇನ್ನು ಮುಂದೆ ಏನು ಹೇಳಬೇಕು ಅನ್ನೋದೂ ನನ್ನದೇ."

"ಏನು ಹೇಳ್ತೀರಿ?"

"ಈ ಸಲ ನಾನು ಕೇಳ್ತೀನಿ." ನಲವತ್ತು ಹುಡುಗಿಯರ ಮುಂದೆ ದಿನವೂ ಮಾತಾಡುವವಳಿಗೆ ಒಬ್ಬ ಗಂಡಸಿನ ಮುಂದೆ ಮಾತು ಹೊರಡಲು ಅಷ್ಟು ಹೊತ್ತು ಹಿಡಿಯಿತು. "ರಾಗಿಬ್, ನನ್ನನ್ನ ಮದುವೆ ಆಗ್ತೀರಾ?"

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಇಡೀ ಪ್ರಾಂತ್ಯಕ್ಕೆ ಗೊತ್ತಿದ್ದ ಮಾತುಗಾರರು ಬಾಯಿ ತೆರೆದರು, ಮುಚ್ಚಿದರು. ಕೊನೆಗೆ ತಲೆ ಮಾತ್ರ ಆಡಿಸಿದರು. ಕಿತ್ತಳೆ ಮಾರುವವಳು, "ಬಾಯಿ ಬಿಟ್ಟು ಹೇಳಪ್ಪಾ, ಹೆಣ್ಣುಮಗಳು ಕಾಯ್ತಿದಾಳೆ!" ಎಂದು ಕೂಗಿದಳು.

"ಆಗ್ತೀನಿ," ಎಂದರು, ಅವಳಿಗೂ ಕೇಳುವಂತೆ.

ಕರಾರಿಗೆ ಸಹಿ ಹಾಕದ್ದರಿಂದ ಕೆಲಸ ಹೋಯಿತು. ಹೊಸ ವರ್ಷದ ಮೊದಲ ದಿನ ನನ್ನ ತರಗತಿಯ ಬೀಗದ ಕೈಯನ್ನು ಹಿಲ್ಮಿ ಬೇ ಅವರ ಕೈಗೆ ಕೊಟ್ಟು ಬಂದೆ. ಅದಕ್ಕೆ ಅಳಲಿಲ್ಲವೆಂದರೆ ಸುಳ್ಳಾಗುತ್ತದೆ. ವಾರದೊಳಗೆ ವಹೀಬಾ ಮೊದಲಾಗಿ ಒಂಬತ್ತು ತಾಯಂದಿರು ತಮ್ಮ ಮಕ್ಕಳನ್ನೂ ನೆರೆಯವರ ಮಕ್ಕಳನ್ನೂ ಕರೆದುಕೊಂಡು ಬಂದು, ಪಾಠ ಎಲ್ಲಿ ನಡೆಯುತ್ತದೆ ಎಂದು ಕೇಳಿದರು. ರಾಗಿಬ್ ತಮ್ಮ ಕಚೇರಿಯ ಮಹಡಿಯನ್ನು ತೋರಿಸಿದರು. ಆ ಶಾಲೆ ಇಪ್ಪತ್ತೆರಡು ವರ್ಷ ನಡೆಯಿತು. ಅವರು ಮತ್ತೆರಡು ಸಲ ಗೆದ್ದರು, ಒಂದು ಸಲ ಸೋತರು. ಆ ಪ್ರಸ್ತಾಪವನ್ನು ಗೆದ್ದಾಗಲೆಲ್ಲ ತಂದರು. ಪ್ರತಿ ಸಲವೂ ನನ್ನನ್ನು ಕೇಳಿಯೇ ತಂದರು. ಅವರಿರುವ ತನಕ ಅದು ಪಾಸಾಗಲಿಲ್ಲ.

ನಿಕಾಹ್ ಆದದ್ದು ಚಿಕ್ಕಮ್ಮನ ಮನೆಯಲ್ಲಿ, ಜನವರಿಯ ಒಂದು ಮಧ್ಯಾಹ್ನ. ದಾಖಲೆ ಬರೆಯಲು ಬಂದ ಶೇಖ್ ಕನ್ನಡಕ ಏರಿಸಿಕೊಂಡು ವರನ ವಿವರ ಬರೆದರು. ಆಮೇಲೆ ನನ್ನ ಕಡೆ ತಿರುಗಿದರು.

"ವಧುವಿನ ಉದ್ಯೋಗ? ಇಲ್ಲ ಅಂತ ಬರೀತೀನಿ."

"ಅಧ್ಯಾಪಕಿ," ಎಂದೆ.

"ಕೆಲಸ ಹೋಯ್ತು ಅಂತ ಊರೆಲ್ಲ ಹೇಳ್ತಿದೆಯಲ್ಲಮ್ಮಾ?"

ಶೇಖ್ ಸಹಾಯಕ್ಕೆಂದು ವಕೀಲರ ಮುಖ ನೋಡಿದರು. ರಾಗಿಬ್ ನನ್ನ ಮುಖ ನೋಡಿದರು. ನಾನು ತಲೆ ಆಡಿಸುವವರೆಗೂ ಕಾದರು.

"ಅವರು ಹೇಳಿದ ಹಾಗೆ ಬರ್ಕೊಳ್ಳಿ," ಎಂದರು.