ಪಿಕಪ್ ಗಾಡಿಯ ಎಡಬಾಗಿಲು

ಅಣ್ಣ ಶರಣು ತೀರಿಕೊಂಡ ಮೇಲೆ ಅವನ ಹಳೆಯ ಪಿಕಪ್ ಗಾಡಿಯನ್ನು ಗುರುಬಸವ ಮಲಾಡ್‌ನ ತನ್ನ ಗ್ಯಾರೇಜಿಗೆ ತಂದ. ಎಡಬಾಗಿಲಿನ ತುಕ್ಕು ತಿಂದ ತಗಡನ್ನು ಕತ್ತರಿಸಿ ತೆಗೆದು, ಹೊಸದನ್ನು ವೆಲ್ಡ್ ಮಾಡಿ, ಹೊರಗಿನಿಂದ ಸುತ್ತಿಗೆಯಲ್ಲಿ ಬಡಿದು ಸಮ ಮಾಡಿದ. ಅವನು ಕೈ ನಿಲ್ಲಿಸಿದರೂ ಒಳಗಿನಿಂದ ಟಕ್ ಟಕ್ ಸದ್ದು ನಿಲ್ಲಲಿಲ್ಲ. ಮೇ ತಿಂಗಳ ಮಧ್ಯಾಹ್ನ, ಆಗಷ್ಟೇ ಬೆಂಕಿ ಕಂಡ ತಗಡು ಮುಟ್ಟಿದರೆ ಮಂಜಿನಂತೆ ತಣ್ಣಗಿತ್ತು.

ಚಹಾ ತಂದ ಅತ್ತಿಗೆ ನಾಗರತ್ನಾ ಕಿವಿಗೊಟ್ಟು ನಿಂತಳು. “ಗುರು, ಮನಿಗೆ ಬಂದಾಗ ನಿಮ್ಮಣ್ಣ ಹಿಂಗ ಬಾಗಲಾ ಬಡೀತಿದ್ರು.”

“ವೈನಿ, ಒಳಗ ಯಾರೂ ಇಲ್ರೀ.”

ಅವಳು ತಗಡಿಗೆ ಕೆನ್ನೆಯಿಟ್ಟು, “ನಾ ಇಲ್ಲೇ ಅದೀನ್ರಿ” ಎಂದಳು. ಸದ್ದು ನಿಂತಿತು. ಸಂಜೆಯವರೆಗೂ ಅವಳು ಹಾಗೆಯೇ ಕಾದಳು. ಅದು ಮತ್ತೆ ಕೇಳಲಿಲ್ಲ.

ಬಣ್ಣ ಹಚ್ಚುವ ಮುನ್ನ ನೋಡಿದರೆ, ಹೊಸ ತಗಡು ಅಲ್ಲಲ್ಲಿ ಬೆರಳ ಗೆಣ್ಣಿನಷ್ಟು ಹೊರಕ್ಕೆ ಉಬ್ಬಿತ್ತು. ಗುರುಬಸವ ಅದನ್ನು ಸಮ ಮಾಡಲಿಲ್ಲ.